ಚೀಲದ ಮೇಲಿನ ಛಾಪು ಯಾರದು?

ತೊಗರಿ ಬೆಳೆಯುವದು ಹೇಗೆಂದು ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರೆಭೂಮಿಯ ಹದ ತಿಳಿದವರು ನಮ್ಮವರು. ಆದರೆ ಬೆಳೆದ ತೊಗರಿ ಬೇಳೆಯಾಗಿ ಚೀಲ ಸೇರಿದ ಮೇಲೆ ಆ ಚೀಲದ ಮೇಲೆ ಯಾವ ಹೆಸರು ಬೀಳಬೇಕು, ಆ ಹೆಸರಿನ ಒಡೆತನ ಯಾರದಾಗಿರಬೇಕು ಎಂಬುದನ್ನು ಮಾತ್ರ ನಾವು ಇನ್ನೂ ಸರಿಯಾಗಿ ವಿಚಾರ ಮಾಡಿದವರಲ್ಲ. ಲಾತೂರ, ಉದಗೀರಗಳ ಅಡತಿ ಅಂಗಡಿಗೆ ಹೋದ ನಮ್ಮ ಕಾಳು ದಾಲ್ ಮಿಲ್ಲಿನಿಂದ ಹೊರಬೀಳುವಾಗ ಅದಕ್ಕೆ ಬೇರೊಬ್ಬರ ಛಾಪು ಹತ್ತಿರುತ್ತದೆ. ಹೈದರಾಬಾದಿನಲ್ಲಿಯೋ ಪುಣೆಯಲ್ಲಿಯೋ ಅದನ್ನು ಕೊಂಡ ಹೆಣ್ಣುಮಗಳು ಬೇಳೆ ಬೇಗ ಬೆಂದಿತು, ರುಚಿಯೂ ಇದೆ ಎಂದು ಮುಂದಿನ ತಿಂಗಳು ಅದೇ ಛಾಪನ್ನು ಕೇಳಿ ತರಿಸುತ್ತಾಳೆ. ಬೆಳೆದವನು ಯಾರು, ಅವನ ಊರು ಯಾವದು ಎಂಬುದು ಅವಳಿಗೆ ಗೊತ್ತಾಗುವ ದಾರಿಯೇ ಇಲ್ಲ. ಗುಣ ಮಣ್ಣಿನದು, ಹೆಸರು ಚೀಲ ಹೊಲಿಸಿದವನದು, ಲಾಭವೂ ಅವನದೇ.

ಈ ಮಾತನ್ನು ಈಗ ಎತ್ತುವದಕ್ಕೆ ಕಾರಣವಿದೆ. 2024ನೆಯ ಇಸವಿಯಲ್ಲಿ ನಿಲಂಗಾ ತಾಲೂಕಿನ ಬೋರಸುರಿಯ ತೊಗರಿ ಬೇಳೆಗೂ ಅದೇ ತಾಲೂಕಿನ ಪಾನಚಿಂಚೋಲಿಯ ಹುಣಸೆಹಣ್ಣಿಗೂ ಭೌಗೋಲಿಕ ಗುರುತಿನ ನೋಂದಣಿ ದೊರೆಯಿತು. ನಮ್ಮ ಲಾತೂರ ಜಿಲ್ಲೆಯದೇ ಆದ ಕಾಸ್ತಿ ಕೊತ್ತಂಬರಿಗೂ ಆಗಲೇ ದೊರೆಯಿತು. ಪತ್ರಿಕೆಗಳಲ್ಲಿ ಜಿ.ಐ. ಎಂದು ಬರೆಯುವದು ಇದನ್ನೇ. ಸುದ್ದಿ ಬಂದಾಗ ಊರೂರಲ್ಲಿ ಸಂತೋಷವಾಯಿತು, ಆಗತಕ್ಕದ್ದೇ. ಆದರೆ ಇನ್ನು ನಮ್ಮ ಬೇಳೆಗೆ ತಾನಾಗಿಯೇ ಬೆಲೆ ಏರುವದು, ನಮ್ಮ ಹೆಸರನ್ನು ಇನ್ನಾರೂ ಮುಟ್ಟಲಾರರು ಎಂದು ತಿಳಿದು ಕೈಕಟ್ಟಿ ಕುಳಿತರೆ ಆ ಕಾಗದವು ಗೋಡೆಯ ಮೇಲಿನ ಪಟವಾಗಿ ಉಳಿಯುವದು. ಊರಿನ ಹೆಸರು ಬೇರೆ, ನಮ್ಮ ಮಾಲಿನ ಛಾಪು ಬೇರೆ. ಇವೆರಡಕ್ಕೂ ಬೇರೆ ಬೇರೆ ಕಾಯದೆ, ಬೇರೆ ಬೇರೆ ರಜಿಸ್ಟರು. ಎರಡನ್ನೂ ತಿಳಿದುಕೊಂಡವನಿಗೆ ಮಾತ್ರ ಇದರ ಫಲ.

ಊರಿನ ಹೆಸರು

ಮೊದಲು ಊರಿನ ಹೆಸರನ್ನೇ ನೋಡೋಣ. ಒಂದು ಊರಿನ ಅಥವಾ ಸೀಮೆಯ ಮಣ್ಣು, ಹವೆ, ಅಲ್ಲಿಯವರ ಕೈಗುಣ ಇವುಗಳಿಂದ ಒಂದು ಮಾಲಿಗೆ ವಿಶೇಷ ಗುಣ ಬಂದಿದ್ದರೆ, ಆ ಊರಿನ ಹೆಸರನ್ನು ಆ ಮಾಲಿಗೆ ಕಟ್ಟಿಕೊಡುವ ಕಾಯದೆ 1999ರಲ್ಲಿ ಆಗಿ 15 ಸೆಪ್ಟೆಂಬರ 2003ರಿಂದ ಜಾರಿಗೆ ಬಂದಿತು. ಇದರ ಕಚೇರಿ ಚೆನ್ನೈಯಲ್ಲಿದೆ. ಮೊದಲು ಈ ರಜಿಸ್ಟರಿಗೆ ಏರಿದ್ದು ದಾರ್ಜಿಲಿಂಗಿನ ಚಹಾ. ಮೈಸೂರಿನ ರೇಷ್ಮೆ, ನಂಜನಗೂಡಿನ ಬಾಳೆ, ಬೀದರದ ಬಿದರಿ ಕೆಲಸ, ಧಾರವಾಡದ ಪೇಡೆ, ಬ್ಯಾಡಗಿಯ ಮೆಣಸಿನಕಾಯಿ ಇವೆಲ್ಲ ಬಳಿಕ ಒಂದೊಂದಾಗಿ ಸೇರಿದವು. ನಮ್ಮ ನೆರೆಯ ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ, ತೆಲಂಗಾಣದ ತಾಂಡೂರಿನ ತೊಗರಿಗೆ 2022ರಲ್ಲಿ ಈ ಮಾನ ದೊರೆಯಿತು.

ಈ ನೋಂದಣಿಯ ಸ್ವಭಾವವನ್ನು ಗಾವಠಾಣದ ಆಲದ ಮರಕ್ಕೆ ಹೋಲಿಸಬಹುದು. ನೆರಳು ಎಲ್ಲರದು, ಮಾರುವ ಹಕ್ಕು ಯಾರಿಗೂ ಇಲ್ಲ. ಅರ್ಜಿ ಹಾಕಿದ ಸಂಘದ ಹೆಸರು ಒಡೆಯನೆಂದು ರಜಿಸ್ಟರಿನಲ್ಲಿ ಇರುತ್ತದೆ, ನಿಜ. ಆದರೆ ಆ ಸಂಘವು ಹೆಸರನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಯಾವನೋ ದೊಡ್ಡ ಸಾಹುಕಾರನಿಗೆ ಬಾಡಿಗೆಗೆ ಕೊಡುವಂತಿಲ್ಲ. ಬೋರಸುರಿ ಎಂಬುದನ್ನು ಯಾರೊಬ್ಬರೂ ತೊಗರಿ ಬೇಳೆಗೆ ತಮ್ಮ ಸ್ವಂತ ವ್ಯಾಪಾರ ಮುದ್ರೆಯೆಂದು ಬರೆಸಿಕೊಳ್ಳುವದಕ್ಕೂ ಕಾಯದೆಯ ಅಡ್ಡಿ ಇದೆ. ಇದು ದೊಡ್ಡ ರಕ್ಷಣೆ.

ಆದರೆ ಇಲ್ಲಿಯೇ ಒಂದು ತೊಡಕನ್ನು ನಮ್ಮ ರೈತರು ಗಮನಿಸುವದಿಲ್ಲ. ಆ ಸೀಮೆಯೊಳಗೆ ಹೊಲ ಇದ್ದ ಮಾತ್ರಕ್ಕೆ ನೋಂದಾಯಿತ ಹೆಸರಿನ ಪೂರ್ತಿ ಹಕ್ಕು ಕೈಗೆ ಬರುವದಿಲ್ಲ. ಪ್ರತಿಯೊಬ್ಬ ಬೆಳೆಗಾರನೂ ತಾನು ಆ ಮಾಲನ್ನು ಆ ಸೀಮೆಯೊಳಗೆ ಬೆಳೆಯುವವನೆಂದು ತೋರಿಸಿ, ಅಧಿಕೃತ ಬಳಕೆದಾರನೆಂದು ತನ್ನ ಹೆಸರನ್ನು ರಜಿಸ್ಟರಿನಲ್ಲಿ ಸೇರಿಸಿಕೊಳ್ಳಬೇಕು. ಹಾಗೆ ಸೇರಿದವನೇ ಆ ಹೆಸರನ್ನೂ ಸರಕಾರದ ಜಿ.ಐ. ಚಿಹ್ನೆಯನ್ನೂ ನಿರ್ಭಯವಾಗಿ ಚೀಲದ ಮೇಲೆ ಮುದ್ರಿಸಬಹುದು, ಕದ್ದವನ ಮೇಲೆ ಸ್ವತಃ ದಾವೆ ಹೂಡಬಹುದು. ಈ ಅರ್ಜಿಯ ಶುಲ್ಕವು ಮೊದಲು 500 ರೂಪಾಯಿ ಇತ್ತು. 2020ರಲ್ಲಿ ಅದನ್ನು 10 ರೂಪಾಯಿಗೆ ಇಳಿಸಿದರು. ಹತ್ತು ರೂಪಾಯಿ! ಉದಗೀರದ ಬಸ್ ನಿಲ್ದಾಣದಲ್ಲಿ ಒಂದು ಕಪ್ಪು ಚಹಾ ಕುಡಿದಷ್ಟು. ಇಷ್ಟಾದರೂ ದೇಶದಲ್ಲೆಲ್ಲ ಜಿ.ಐ. ಪಡೆದ ಮಾಲುಗಳ ಬೆಳೆಗಾರರಲ್ಲಿ ಹೆಸರು ಬರೆಸಿದವರಿಗಿಂತ ಬರೆಸದವರೇ ಬಹಳ. ಶಾಲೆ ಊರಲ್ಲಿಯೇ ಇದೆಯೆಂದು ಮಗನ ಹೆಸರನ್ನು ದಾಖಲೆಗೆ ಹಚ್ಚದೆ ಬಿಟ್ಟಂತೆ ಇದು. ಪರೀಕ್ಷೆಯ ದಿನ ಬಂದಾಗ ಹಾಜರಿಯಲ್ಲಿ ಹೆಸರಿಲ್ಲ ಎಂದು ಹಿಂದಕ್ಕೆ ಕಳಿಸಿದರೆ ಮಾಸ್ತರರನ್ನು ಬೈದು ಏನು ಪ್ರಯೋಜನ?

ಗಡಿಭಾಗದ ನಮಗೆ ಇನ್ನೊಂದು ಎಚ್ಚರಿಕೆ ಬೇಕು. ಉದಗೀರ, ನಿಲಂಗಾಗಳು 1956ರವರೆಗೆ ಹೈದರಾಬಾದ ಸಂಸ್ಥಾನದ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಇಂದಿಗೂ ನಮ್ಮ ಬೀಗತನ, ದನದ ಸಂತೆ, ಬೀಜದ ವಿನಿಮಯ ಭಾಲ್ಕಿ, ಔರಾದ, ಆಳಂದಗಳ ಕೂಡ ನಡೆದೇ ಇದೆ. ಉಮರ್ಗಾ ಕಡೆಯ ಒಬ್ಬ ರೈತನಿಗೆ ಗಡಿಯ ಈಚೆ ನಾಲ್ಕು ಎಕರೆ, ಆಳಂದ ತಾಲೂಕಿನಲ್ಲಿ ಅತ್ತೆಯ ಮನೆಯಿಂದ ಬಂದ ಮೂರು ಎಕರೆ ಇರುವದು ಅಪರೂಪವಲ್ಲ. ಮಣ್ಣು ಒಂದೇ, ಬೀಜ ಒಂದೇ, ರಾಶಿಯೂ ಒಂದೇ ಕಣದಲ್ಲಿ. ಆದರೆ ಭೌಗೋಲಿಕ ಗುರುತಿನ ಅರ್ಜಿಯ ಜೊತೆಗೆ ಒಂದು ನಕ್ಷೆ ಇರುತ್ತದೆ, ಕಾಯದೆ ನೋಡುವದು ಆ ನಕ್ಷೆಯನ್ನೇ. ನಕ್ಷೆಯ ಹೊರಗೆ ಬೆಳೆದ ತೊಗರಿಯನ್ನು ಕಲಬುರಗಿಯದೆಂದು ಬರೆದರೂ ತಪ್ಪು, ಬೋರಸುರಿಯದೆಂದು ಬರೆದರೂ ತಪ್ಪು. ಎರಡು ಕಡೆಯ ಕಾಳನ್ನು ಬೆರೆಸಿ ಒಂದರ ಹೆಸರು ಹಾಕಿದರೂ ತಪ್ಪೇ. ಸುಳ್ಳು ಗುರುತು ಹಚ್ಚಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಕಾಯದೆ ಹೇಳುತ್ತದೆ. ಆದಕಾರಣ ಚೀಲ ಮುದ್ರಿಸುವ ಮೊದಲು ನೋಂದಣಿಯ ಕಾಗದದಲ್ಲಿ ನಮ್ಮ ಊರು ಇದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿಕೊಳ್ಳಿರಿ. ಕಣದಲ್ಲಿ ರಾಶಿಗಳನ್ನು ಬೇರೆ ಬೇರೆ ಹಾಕಿರಿ.

ಸ್ವಂತದ ಛಾಪು

ಊರಿನ ಹೆಸರನ್ನು ಊರಿನವರೆಲ್ಲರೂ ಬಳಸಬಹುದು ಎಂದಾಯಿತು. ಹಾಗಾದರೆ ಕಲ್ಲು ಆರಿಸಿ, ಒಣಗಿಸಿ, ಶುದ್ಧವಾಗಿ ತುಂಬಿದವನ ಬೇಳೆಗೂ, ಹೊಟ್ಟು ನುಚ್ಚು ಬೆರೆಸಿ ತುಂಬಿದವನ ಬೇಳೆಗೂ ವ್ಯತ್ಯಾಸ ತೋರುವದು ಹೇಗೆ? ಅದಕ್ಕೆ ಬೇಕಾದದ್ದು ಸ್ವಂತ ವ್ಯಾಪಾರ ಮುದ್ರೆ, ಅಂದರೆ ಟ್ರೇಡ್ ಮಾರ್ಕು. ಕಲಬುರಗಿಯವರು ಹೀಗೆಯೇ ಮಾಡಿದ್ದಾರೆ. ಅಲ್ಲಿ ಊರಿನ ಹೆಸರಿನ ಜೊತೆಗೆ "ಭೀಮಾ" ಎಂಬ ಬೇರೆಯೇ ಛಾಪಿನಲ್ಲಿ ಪೊಟ್ಟಣಗಳನ್ನು ಮಾರುವ ಏರ್ಪಾಡು ಆಗಿದೆ.

ಹಿಂದೂಸ್ಥಾನದಲ್ಲಿ ಮುದ್ರೆಗಳ ನೋಂದಣಿಗೆ ಮೊದಲ ಕಾಯದೆ 1940ರದು. ಬಳಿಕ 1958ರ ಕಾಯದೆ ಬಂದಿತು. ಸದ್ಯ ನಡೆಯುತ್ತಿರುವದು 1999ರದು. ನೋಂದಾಯಿಸದ ಛಾಪಿಗೆ ಏನೂ ಹಕ್ಕಿಲ್ಲವೆಂದು ಯಾರಾದರೂ ಹೆದರಿಸಿದರೆ ನಂಬಬೇಡಿರಿ. ಬಹಳ ಕಾಲ ಬಳಸಿದ ಹೆಸರನ್ನು ಇನ್ನೊಬ್ಬ ಕದ್ದು ತನ್ನ ಮಾಲನ್ನು ನಮ್ಮದೆಂದು ದಾಟಿಸಿದರೆ ಕೋರ್ಟಿನಲ್ಲಿ ತಡೆಯಬಹುದು. ಆದರೆ ಆಗ ನಮ್ಮ ಹೆಸರಿಗೆ ಪೇಟೆಯಲ್ಲಿ ಖ್ಯಾತಿಯಿತ್ತು, ಗಿರಾಕಿಗಳು ಮೋಸಹೋದರು, ನಮಗೆ ನಷ್ಟವಾಯಿತು ಎಂದೆಲ್ಲ ನಾವೇ ಸಿದ್ಧಮಾಡಿ ತೋರಿಸಬೇಕು. ನೋಂದಣಿಯಿದ್ದರೆ ಪ್ರಮಾಣಪತ್ರವೇ ಅರ್ಧ ಸಾಕ್ಷಿ. ಮೇಲಾಗಿ, ನೋಂದಾಯಿತ ಮುದ್ರೆಯ ಒಡೆಯನು ತಾನು ವಾಸಿಸುವ, ವ್ಯಾಪಾರ ನಡೆಸುವ ಜಿಲ್ಲೆಯ ನ್ಯಾಯಾಲಯದಲ್ಲಿ ದಾವೆ ಹಾಕುವ ಅನುಕೂಲವನ್ನು ಕಾಯದೆಯ 134ನೆಯ ಕಲಮು ಕೊಟ್ಟಿದೆ. ನೋಂದಣಿ ಇಲ್ಲದವನು ಕದ್ದವನ ಊರಿಗೇ ಅಲೆಯಬೇಕಾದೀತು. ನಿಲಂಗಾದ ರೈತನಿಗೆ ಲಾತೂರಿಗೆ ಹೋಗಿಬರುವದಕ್ಕೂ ಹೈದರಾಬಾದಿನಲ್ಲಿ ವಕೀಲರನ್ನು ಹಿಡಿಯುವದಕ್ಕೂ ಇರುವ ಅಂತರ ನಾನು ಹೇಳಬೇಕೇ?

ಇನ್ನು ಹೆಸರು ಆರಿಸುವ ಮಾತು. ಇಲ್ಲಿಯೇ ನಮ್ಮವರು ಹೆಚ್ಚಾಗಿ ಎಡವುತ್ತಾರೆ. "ಶುದ್ಧ ತೊಗರಿ", "ಉತ್ತಮ ಬೇಳೆ", "ಗಾವರಾನ" ಎಂಬಂಥ ಹೆಸರುಗಳು ಮಾಲಿನ ಗುಣವನ್ನೇ ಹೇಳುತ್ತವೆ. ಅವನ್ನು ಒಬ್ಬನಿಗೇ ಬರೆದುಕೊಟ್ಟರೆ ಉಳಿದವರು ತಮ್ಮ ಮಾಲನ್ನು ಏನೆಂದು ಕರೆಯಬೇಕು? ಆದ್ದರಿಂದ ರಜಿಸ್ಟ್ರಾರರು ಸಾಮಾನ್ಯವಾಗಿ ಒಪ್ಪುವದಿಲ್ಲ. ಬರೀ ಊರಿನ ಹೆಸರಿಗೂ ಇದೇ ನಿಯಮ.

ಎರಡನೆಯದು ದೇವರ ಹೆಸರು. ನಮ್ಮ ಕಡೆ ಹಿಟ್ಟಿನ ಗಿರಣಿಯಿಂದ ಹಿಡಿದು ಎಣ್ಣೆಯ ಗಾಣದವರೆಗೆ ಎಲ್ಲಕ್ಕೂ ಬಸವೇಶ್ವರ, ಖಂಡೋಬಾ, ತುಳಜಾಭವಾನಿಯರ ಹೆಸರೇ. ಭಕ್ತಿಯ ದೃಷ್ಟಿಯಿಂದ ಒಳ್ಳೆಯದು, ಮುದ್ರೆಯ ದೃಷ್ಟಿಯಿಂದ ಬಲಹೀನ. ಊದಿನಕಡ್ಡಿಗೆ "ರಾಮಾಯಣ" ಎಂಬ ಹೆಸರನ್ನು ಬರೆಸಿಕೊಳ್ಳಲು ಹೊರಟವರ ಪ್ರಕರಣದಲ್ಲಿ ಸುಪ್ರೀಮ ಕೋರ್ಟು 2015ರಲ್ಲಿ, ಪವಿತ್ರ ಗ್ರಂಥದ ಹೆಸರೊಂದನ್ನೇ ಒಬ್ಬ ವ್ಯಾಪಾರಿಯ ಸ್ವತ್ತಾಗಿ ಕೊಡಲಾಗದೆಂದು ತೀರ್ಪು ಕೊಟ್ಟಿತು. ಛತ್ರಪತಿ ಶಿವಾಜಿ ಮಹಾರಾಜರ ಹೆಸರು, ಚಿತ್ರಗಳನ್ನೂ ಮಹಾತ್ಮಾ ಗಾಂಧಿಯವರ ಹೆಸರು, ಚಿತ್ರಗಳನ್ನೂ ವ್ಯಾಪಾರದ ಮುದ್ರೆಗೆ ಬಳಸದಂತೆ 1950ರ ಒಂದು ಬೇರೆಯೇ ಕಾಯದೆ ಪ್ರತಿಬಂಧಿಸಿದೆ. ಮರಾಠವಾಡೆಯಲ್ಲಿ ಇದನ್ನು ಮರೆತವರೇ ಹೆಚ್ಚು.

ಎಲ್ಲರಿಗೂ ಪರಿಚಿತವಾದ ಶಬ್ದವು ಎಷ್ಟು ಬಲಹೀನವೆಂಬುದಕ್ಕೆ ಕರ್ನಾಟಕದ ಹಾಲಿನ ಮಹಾಮಂಡಳದ ಕಥೆ ಸಾಕು. ಅವರು 1985ರಿಂದ "ನಂದಿನಿ" ಎಂಬ ಹೆಸರಿನಲ್ಲಿ ಹಾಲು ಮಾರುತ್ತಿದ್ದಾರೆ. ಮನೆಮನೆಗೂ ಗೊತ್ತಿರುವ ಹೆಸರು. 1989ರಲ್ಲಿ ಬೆಂಗಳೂರಲ್ಲಿ ಒಬ್ಬರು "ನಂಧಿನಿ ಡಿಲಕ್ಸ್" ಎಂದು ಊಟದ ಹೋಟೆಲು ಹಾಕಿದರು. ತಮ್ಮ ಹೆಸರಿಗೆ ಧಕ್ಕೆಯೆಂದು ಮಹಾಮಂಡಳವು ಹೋರಾಡಿತು. ಪ್ರಕರಣವು ಸುಪ್ರೀಮ ಕೋರ್ಟಿನವರೆಗೆ ಹೋಗಿ 2018ರಲ್ಲಿ ತೀರ್ಮಾನವಾಯಿತು. ನಂದಿನಿ ಎಂಬುದು ಪುರಾಣದ ಗೋವಿನ, ದೇವಿಯ ಹೆಸರು, ಇವರು ಹೊಸದಾಗಿ ಹುಟ್ಟಿಸಿದ ಶಬ್ದವಲ್ಲ. ಹಾಲು ಬೇರೆ, ಹೋಟೆಲಿನ ಊಟ ಬೇರೆ, ಎರಡರ ಚಿತ್ರಗಳೂ ಬೇರೆ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಹೋಟೆಲಿನವರೂ ತಮ್ಮ ಹೆಸರನ್ನು ಬರೆಸಿಕೊಳ್ಳಬಹುದು ಎಂದಾಯಿತು. ಲಕ್ಷಾಂತರ ಹಾಲು ಉತ್ಪಾದಕರ ಬೆಂಬಲವುಳ್ಳ ಸಂಸ್ಥೆಗೇ ಹೀಗಾದರೆ, ನಾವು ಹೆಸರನ್ನು ಇನ್ನಷ್ಟು ವಿಚಾರಮಾಡಿ ಇಡಬೇಕು. ಯಾವ ಅರ್ಥವೂ ಇಲ್ಲದ, ಆದರೆ ಬಾಯಿಗೆ ಹತ್ತುವ ಹೊಸ ಶಬ್ದವೇ ಎಲ್ಲಕ್ಕಿಂತ ಗಟ್ಟಿ. ಅದಾಗದಿದ್ದರೆ ಮಾಲಿಗೆ ಸಂಬಂಧವಿಲ್ಲದ ಶಬ್ದವನ್ನು ಆರಿಸಿರಿ. ತೊಗರಿ ಬೇಳೆಗೆ "ಗುಬ್ಬಿ" ಎಂದರೆ ನಡೆದೀತು, "ಹಳದಿ ಬೇಳೆ" ಎಂದರೆ ನಡೆಯದು.

ಹೆಸರು ಆರಿಸಿದ ಮೇಲೆ ಅದು ಇನ್ನೊಬ್ಬರದಾಗಿದೆಯೇ ಎಂದು ಹುಡುಕಬೇಕು. ರಜಿಸ್ಟ್ರಿಯ ಜಾಲತಾಣದಲ್ಲಿ ಇದಕ್ಕೆ ಹಣವಿಲ್ಲ. ಕಾಲೇಜು ಕಲಿತ ಮಗನಿದ್ದರೆ ಅರ್ಧ ಗಂಟೆಯ ಕೆಲಸ. ಬರಹ ಒಂದೇ ಇದೆಯೇ ಎಂದಷ್ಟೇ ನೋಡಿದರೆ ಸಾಲದು, ಉಚ್ಚಾರವನ್ನೂ ನೋಡಿರಿ. ನಮ್ಮ ಸೀಮೆಯಲ್ಲಿ ಒಂದೇ ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯುತ್ತೇವೆ, ಪೇಟೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತೇವೆ. ಲಿಪಿ ಬದಲಾದರೆ ಹೆಸರು ಬದಲಾಗಲಿಲ್ಲ. ಕನ್ನಡ ಅಕ್ಷರದ ಮುದ್ರೆಗೆ ಅರ್ಜಿ ಹಾಕುವಾಗ ಅದರ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಬರೆದುಕೊಡಬೇಕಾಗುತ್ತದೆ.

ಉಚ್ಚಾರದ ಬಗ್ಗೆ ಹಳೆಯ ಪ್ರಕರಣವೊಂದಿದೆ. "ಅಮೃತಧಾರಾ" ಎಂಬ ಔಷಧಿ ಬಹಳ ಹೆಸರು ಮಾಡಿತ್ತು. ಉತ್ತರಪ್ರದೇಶದಲ್ಲಿ ಒಬ್ಬರು "ಲಕ್ಷ್ಮಣಧಾರಾ" ಎಂಬುದನ್ನು ಮಾರತೊಡಗಿದರು. 1962ರಲ್ಲಿ ಸುಪ್ರೀಮ ಕೋರ್ಟು ಹೇಳಿದ್ದೇನೆಂದರೆ, ಕೊಳ್ಳುವವನು ಪಂಡಿತನಲ್ಲ, ಅವನು ಶಬ್ದವನ್ನು ಒಡೆದು ಅಮೃತವೆಂದರೇನು, ಲಕ್ಷ್ಮಣನೆಂದರೆ ಯಾರು ಎಂದು ವಿಚಾರ ಮಾಡುವದಿಲ್ಲ. ಅರೆಮರೆತ ನೆನಪಿನಿಂದ ಕೇಳುವ ಸಾಮಾನ್ಯ ಮನುಷ್ಯನಿಗೆ ಎರಡೂ ಒಂದೇ ಎನಿಸಬಹುದು. ಹೀಗೆ ಹೋಲಿಕೆಯನ್ನು ಒಪ್ಪಿದರೂ, ಲಕ್ಷ್ಮಣಧಾರಾ 1923ರಿಂದ ನಡೆದಿದ್ದು ಅಮೃತಧಾರಾದವರು ಬಹಳ ವರ್ಷ ಸುಮ್ಮನಿದ್ದರೆಂಬ ಕಾರಣಕ್ಕೆ, ಉತ್ತರಪ್ರದೇಶದ ಮಟ್ಟಿಗೆ ಅದಕ್ಕೂ ನೋಂದಣಿ ಕೊಡಲಾಯಿತು. ನೋಡಿದಿರಾ? ಹೋಲಿಕೆಯಿದೆ ಎಂದು ತೋರಿಸಿಯೂ, ಸುಮ್ಮನೆ ಕುಳಿತ ತಪ್ಪಿಗೆ ಒಂದು ಇಡೀ ಪ್ರಾಂತ ಕೈಬಿಟ್ಟಿತು. ನಮ್ಮ ಛಾಪನ್ನು ಹೋಲುವ ಚೀಲ ಸಂತೆಯಲ್ಲಿ ಕಂಡ ದಿನವೇ ಬರವಣಿಗೆಯಲ್ಲಿ ತಕರಾರು ಮಾಡಬೇಕು. ಇರಲಿ ಬಿಡು, ನಮ್ಮ ಊರವನೇ, ಎಂದರೆ ಆಗದು.

ಚಿತ್ರದ ಕಳವಿಗೂ ಒಂದು ಉದಾಹರಣೆ ಕೊಡುತ್ತೇನೆ. ಇದು ಒಕ್ಕಲುತನದ ಪುಟಕ್ಕೆ ತಕ್ಕುದೇ. ಪಾರ್ಲೆಯ ಗ್ಲೂಕೋ ಬಿಸ್ಕೀಟಿನ ಹಳೆಯ ಹೊದಿಕೆಯ ಮೇಲೆ ಒಂದು ಹೊಲಮನೆ, ಗಿಡಗಳು, ನಡುವೆ ನೀರಿನ ಕೊಡ ಹಿಡಿದ ಹುಡುಗಿ, ಸುತ್ತ ಹಸುಗಳು, ಕೋಳಿಗಳು ಇದ್ದವು. ಮೈಸೂರಿನ ಒಂದು ಕಂಪನಿ ತನ್ನ ಬಿಸ್ಕೀಟಿನ ಹೊದಿಕೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಕೈಯಲ್ಲಿ ಕುಡುಗೋಲು ಹಿಡಿದ ಹುಡುಗಿ, ಹಸು, ಕೋಳಿ, ಹಿಂದೆ ಮನೆ ಹೀಗೆ ಚಿತ್ರಿಸಿತು. ಕೊಡವಿಲ್ಲ, ಹುಲ್ಲಿದೆ, ಬೇರೆಯೇ ಅಲ್ಲವೇ ಎಂಬುದು ಅವರ ವಾದ. ಕೆಳಗಿನ ಕೋರ್ಟುಗಳು ಅದನ್ನು ಒಪ್ಪಿದವು. 1972ರಲ್ಲಿ ಸುಪ್ರೀಮ ಕೋರ್ಟು ಒಪ್ಪಲಿಲ್ಲ. ಎರಡೂ ಹೊದಿಕೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು ವ್ಯತ್ಯಾಸ ಎಣಿಸಬಾರದು, ಒಂದನ್ನು ಇಂದು ನೋಡಿದವನು ಕೆಲವು ದಿನದ ಮೇಲೆ ಇನ್ನೊಂದನ್ನು ಕಂಡರೆ ಅದೇ ಇದು ಎಂದು ತಿಳಿಯುವನೋ ಇಲ್ಲವೋ ಎಂಬುದೇ ಪ್ರಶ್ನೆ ಎಂದು ಪಾರ್ಲೆಯ ಪರವಾಗಿ ತೀರ್ಮಾನಿಸಿತು. ಆದ್ದರಿಂದ ಚೀಲದ ಬಣ್ಣ, ಚಿತ್ರ, ಅಕ್ಷರದ ರೀತಿ ಎಲ್ಲವೂ ಸ್ವತ್ತೇ. ಎತ್ತಿನ ಜೋಡಿಯ ಚಿತ್ರ ಎಲ್ಲರ ಚೀಲದ ಮೇಲೂ ಇರುತ್ತದೆ, ಅದರಿಂದ ಯಾರಿಗೂ ಲಾಭವಿಲ್ಲ.

ಅರ್ಜಿ ಯಾರ ಹೆಸರಿನಲ್ಲಿ?

ಮಹಾರಾಷ್ಟ್ರದವರ ಅರ್ಜಿಗೆ ಮುಂಬಯಿಯ ಕಚೇರಿ, ಕರ್ನಾಟಕದವರ ಅರ್ಜಿಗೆ ಚೆನ್ನೈ. ಈಗ ಮನೆಯಿಂದಲೇ ಗಣಕಯಂತ್ರದ ಮೂಲಕ ಕಳಿಸಬಹುದು. 2017ರ ನಿಯಮದಂತೆ ಒಬ್ಬ ವ್ಯಕ್ತಿಗಾಗಲಿ ಸಣ್ಣ ಉದ್ಯಮಕ್ಕಾಗಲಿ ಹೀಗೆ ಕಳಿಸಿದರೆ ಒಂದು ವರ್ಗಕ್ಕೆ 4,500 ರೂಪಾಯಿ, ಕಾಗದದ ಅರ್ಜಿಗೆ 5,000. ಉಳಿದವರಿಗೆ ಇದರ ಎರಡು ಪಟ್ಟು. ಸಂಘ, ಕಂಪನಿಗಳು ಉದ್ಯಮ ನೋಂದಣಿಯ ಪತ್ರ ಇಟ್ಟುಕೊಂಡಿದ್ದರೆ ಅರ್ಧ ಹಣ ಉಳಿಯುತ್ತದೆ. ವರ್ಗವೆಂದರೆ ಮಾಲಿನ ಜಾತಿ. ಒಟ್ಟು 45 ಇವೆ. ಸಂಸ್ಕರಿಸಿದ ಒಣ ಕಾಳುಬೇಳೆ, ಖಾದ್ಯ ತೈಲ 29ನೆಯದು. ಹಿಟ್ಟು, ಬೆಲ್ಲ, ಮಸಾಲೆ, ಜೇನು 30ನೆಯದು. ಒಕ್ಕಿದ ಹಸಿ ಧಾನ್ಯ, ಬಿತ್ತುವ ಬೀಜ, ದನದ ಮೇವು 31ನೆಯದು. ಬೇಳೆಯ ಜೊತೆಗೆ ಬೆಲ್ಲವನ್ನೂ ಮಾರುವವನು ಎರಡು ವರ್ಗದ ಹಣ ಕಟ್ಟಬೇಕು.

ಹಣಕ್ಕಿಂತ ದೊಡ್ಡ ಪ್ರಶ್ನೆ ಅರ್ಜಿದಾರ ಯಾರೆಂಬುದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಈಗ ಊರೂರಲ್ಲಿ ರೈತ ಉತ್ಪಾದಕ ಕಂಪನಿಗಳಾಗಿವೆ. ಮುನ್ನೂರು ಜನ ಪಾಲು ಹಾಕುತ್ತಾರೆ. ಒಬ್ಬಿಬ್ಬರು ಉತ್ಸಾಹಿಗಳು ಓಡಾಡಿ ಎಲ್ಲ ಕೆಲಸ ಮಾಡುತ್ತಾರೆ. ಛಾಪಿಗೆ ಅರ್ಜಿ ಹಾಕುವ ದಿನ, ಕಂಪನಿಯ ಕಾಗದ ಪತ್ರ ಹುಡುಕುವದು ತ್ರಾಸ, ಸದ್ಯ ಅಧ್ಯಕ್ಷರ ಆಧಾರ್ ಕಾರ್ಡು ಇದೆಯಲ್ಲ ಎಂದು ಅವರ ಹೆಸರಿನಲ್ಲಿಯೇ ಹಾಕಿಬಿಡುತ್ತಾರೆ. ಮೋಸದ ಬುದ್ಧಿಯಿಂದಲೇ ಅಲ್ಲ, ಅನುಕೂಲಕ್ಕಾಗಿ. ಆದರೆ ಐದು ವರ್ಷದ ಮೇಲೆ ಛಾಪಿಗೆ ಹೆಸರು ಬಂದಾಗ, ಅಧ್ಯಕ್ಷರಿಗೂ ಕಾರ್ಯಕಾರಿ ಮಂಡಳಿಗೂ ಮನಸ್ತಾಪವಾದರೆ, ಅಥವಾ ಅಧ್ಯಕ್ಷರು ತೀರಿಕೊಂಡು ಮಕ್ಕಳು ಹಿಸ್ಸೆ ಕೇಳಿದರೆ? ಕಾಯದೆಯ ಕಣ್ಣಿಗೆ ಮುದ್ರೆಯು ಆ ಮನೆಯ ಆಸ್ತಿ. ಮುನ್ನೂರು ಜನರ ತೊಗರಿ ಹಾಕಿ ಬೆಳೆಸಿದ ಹೆಸರನ್ನು ಮುನ್ನೂರು ಜನರೇ ಬಳಸಲು ಅಪ್ಪಣೆ ಕೇಳಬೇಕಾದೀತು. ಅರ್ಜಿಯ ಪ್ರತಿಯನ್ನು ಇಂದೇ ತರಿಸಿ ನೋಡಿರಿ. ಒಡೆಯ ಎಂಬಲ್ಲಿ ಕಂಪನಿಯ ಹೆಸರು ಇಲ್ಲದಿದ್ದರೆ, ಎಲ್ಲರೂ ಒಳ್ಳೆಯ ಮಾತಿನಲ್ಲಿ ಇರುವಾಗಲೇ ಹಸ್ತಾಂತರದ ಪತ್ರ ಬರೆಸಿ ರಜಿಸ್ಟ್ರಿಯಲ್ಲಿ ನಮೂದು ಮಾಡಿಸಿರಿ.

ಕಂಪನಿಯ ಹೆಸರೇ ಸರಕಾರದಲ್ಲಿ ನೋಂದಾಗಿದೆಯಲ್ಲ, ಮತ್ತೆ ಇದೇಕೆ ಎಂದು ಕೇಳುವವರಿದ್ದಾರೆ. ಕಂಪನಿಯ ನೋಂದಣಿಯು ಕಂಪನಿಗೆ ಜನನದ ದಾಖಲೆ ಇದ್ದಂತೆ. ಅದರಿಂದ ಚೀಲದ ಮೇಲಿನ ಛಾಪಿಗೆ ಒಡೆತನ ಬರುವದಿಲ್ಲ. ಆಹಾರ ಸುರಕ್ಷತೆಯ ಲೈಸೆನ್ಸಿನ ಅಂಕಿಯಿಂದಲೂ ಬರುವದಿಲ್ಲ. 1937ರ ಕಾಯದೆಯ ಅಗಮಾರ್ಕಿನಿಂದಲೂ ಬರುವದಿಲ್ಲ, ಅದು ದರ್ಜೆಯನ್ನು ಹೇಳುವ ಮುದ್ರೆ. ಅವೆಲ್ಲ ಬೇಕಾದವೇ, ಆದರೆ ಅವುಗಳ ಕೆಲಸ ಬೇರೆ.

ಮೊದಲಿನಿಂದ ಛಾಪು ಬಳಸುತ್ತ ಬಂದವರು ಎಂದಿನಿಂದ ಬಳಸಿದ್ದೇವೆಂದು ಅರ್ಜಿಯಲ್ಲಿ ಬರೆದರೆ, ಅದಕ್ಕೆ ಪ್ರತಿಜ್ಞಾಪತ್ರವನ್ನೂ ಪುರಾವೆಯನ್ನೂ ಜೊತೆಗೇ ಹಚ್ಚಬೇಕು. ಮೊದಲ ವರ್ಷದ ಬಿಲ್ಲು, ಚೀಲ ಮುದ್ರಿಸಿದವನ ರಸೀದಿ, ಕೃಷಿ ಮೇಳದಲ್ಲಿ ಮಳಿಗೆ ಹಾಕಿದಾಗಿನ ಛಾಯಾಚಿತ್ರ, ಹಳೆಯ ಚೀಲವೊಂದು, ಇವನ್ನು ಇಲಿಗಳಿಗೆ ಬಿಡದೆ ಟ್ರಂಕಿನಲ್ಲಿ ಇಡಿರಿ. ಇನ್ನೊಬ್ಬನು ಅದೇ ಹೆಸರನ್ನು ಮೊದಲೇ ನೋಂದಾಯಿಸಿಕೊಂಡಿದ್ದರೂ, ಅವನ ಬಳಕೆಗಿಂತಲೂ ನೋಂದಣಿಗಿಂತಲೂ ಮುಂಚೆಯೇ ನಾವು ಬಳಸುತ್ತ ಬಂದಿದ್ದೇವೆಂದು ತೋರಿಸಿಕೊಟ್ಟರೆ ನಮ್ಮನ್ನು ತಡೆಯುವ ಹಕ್ಕು ಅವನಿಗಿಲ್ಲ. ಆಗ ಆ ಹಳೆಯ ಬಿಲ್ಲಿಗೆ ಚಿನ್ನದ ಬೆಲೆ.

ಅರ್ಜಿ ಹೋದ ಮೇಲೆ ಪರೀಕ್ಷಕರು ನೋಡಿ ಆಕ್ಷೇಪವಿದ್ದರೆ ತಿಳಿಸುತ್ತಾರೆ. ಒಂದು ತಿಂಗಳಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಅರ್ಜಿಯನ್ನು ಬಿಟ್ಟುಕೊಟ್ಟಂತೆ ಎಣಿಸಬಹುದು. ಬಹಳ ಅರ್ಜಿಗಳು ಸಾಯುವದು ಇಲ್ಲಿಯೇ. ಪತ್ರವು ಏಜೆಂಟನ ವಿಳಾಸಕ್ಕೆ ಹೋಗಿರುತ್ತದೆ, ಏಜೆಂಟನು ಊರು ಬದಲಿಸಿರುತ್ತಾನೆ. ಆದ್ದರಿಂದ ಅರ್ಜಿಯಲ್ಲಿ ಕಂಪನಿಯದೇ ಮಿಂಚಂಚೆಯ ವಿಳಾಸವನ್ನೂ ಕೊಡಿಸಿರಿ, ಅರ್ಜಿಯ ಅಂಕಿಯನ್ನು ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ಜಾಲತಾಣದಲ್ಲಿ ನೋಡಿರಿ. ಒಪ್ಪಿಗೆಯಾದ ಮುದ್ರೆಯು ಪ್ರತಿ ಸೋಮವಾರ ಹೊರಡುವ ಟ್ರೇಡ್ ಮಾರ್ಕ್ಸ್ ಜರ್ನಲಿನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ಪ್ರಮಾಣಪತ್ರ ಬರುವದು. ಈ ನಾಲ್ಕು ತಿಂಗಳ ನಿಯಮ ನಮ್ಮ ಕೈಯಲ್ಲಿಯೂ ಇರುವ ಆಯುಧ. ನಮ್ಮ ಛಾಪನ್ನೋ ನಮ್ಮ ಊರಿನ ಹೆಸರನ್ನೋ ಹೋಲುವದು ಅದರಲ್ಲಿ ಕಂಡರೆ ನಾವೂ ವಿರೋಧಿಸಬಹುದು. ಸಂಘದ ಒಬ್ಬ ಹುಡುಗನಿಗೆ ಸೋಮವಾರದ ಈ ಕೆಲಸ ಹಚ್ಚಿರಿ. ಅರ್ಜಿ ಹಾಕಿದ ದಿನದಿಂದ ಟಿ.ಎಂ. ಎಂದು ಚೀಲದ ಮೇಲೆ ಬರೆಯಲು ಅಡ್ಡಿಯಿಲ್ಲ. ವರ್ತುಲದೊಳಗಿನ ಆರ್ ಅಕ್ಷರವನ್ನು ಮಾತ್ರ ಪ್ರಮಾಣಪತ್ರ ಕೈಗೆ ಬರುವವರೆಗೆ ಮುದ್ರಿಸಬೇಡಿರಿ, ಅದು ದಂಡಕ್ಕೆ ಗುರಿಯಾಗುವ ಸುಳ್ಳು.

ಬೀಜ ಮಾರುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ತೊಗರಿಯ ಬೀಜವನ್ನು ನಾವು ಕೊಡು-ಕೊಳ್ಳುವದು ಹಿಂದಿನಿಂದ ಬಂದ ಪದ್ಧತಿ. ಸಸ್ಯ ತಳಿಗಳ ರಕ್ಷಣೆಯ 2001ರ ಕಾಯದೆ ಆ ಹಕ್ಕನ್ನು ರೈತನಿಗೆ ಸ್ಪಷ್ಟವಾಗಿ ಉಳಿಸಿಕೊಟ್ಟಿದೆ. ನಾವು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ನೆರೆಯವರಿಗೆ ಮಾರಬಹುದು. ಆದರೆ ರಕ್ಷಣೆ ಪಡೆದ ತಳಿಯ ಬೀಜವನ್ನು ಪೊಟ್ಟಣ ಕಟ್ಟಿ ಅದೇ ತಳಿಯೆಂದು ಹೆಸರು ಹಚ್ಚಿ ಛಾಪಿನ ಬೀಜವಾಗಿ ಮಾರುವಂತಿಲ್ಲ. ಬೇಳೆಗೆ ಪಡೆದ ಮುದ್ರೆ ಬೀಜದ ಪೊಟ್ಟಣಕ್ಕೆ ನಡೆಯುವದೆಂದು ಎಣಿಸಬೇಡಿರಿ.

ಛಾಪು ಕೈಗೆ ಬಂದ ಮೇಲೆ ಅದನ್ನು ಬಳಸುತ್ತ ಇರಬೇಕು. ಐದು ವರ್ಷ ಮೂರು ತಿಂಗಳು ಬಳಸದೆ ಬಿಟ್ಟ ಮುದ್ರೆಯನ್ನು ರಜಿಸ್ಟರಿನಿಂದ ತೆಗೆದುಹಾಕಲು ಅದರಿಂದ ಬಾಧೆಗೊಳಗಾದವರು ಅರ್ಜಿ ಹಾಕಬಹುದು. ನಕಲಿ ಮಾಲು ಬಂದರೆ ವಕೀಲರ ನೋಟೀಸು, ಬಳಿಕ ದಾವೆ ಇದು ಒಂದು ದಾರಿ. ಪೊಲೀಸರ ದಾರಿಯೂ ಇದೆ, ಆದರೆ ಉಪಾಧೀಕ್ಷಕ ದರ್ಜೆಗಿಂತ ಕೆಳಗಿನ ಅಧಿಕಾರಿಯು ತಾನಾಗಿ ಮಾಲು ಜಪ್ತು ಮಾಡುವಂತಿಲ್ಲ, ಅವರೂ ಮೊದಲು ರಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕು. ಹೀಗಾಗಿ ಠಾಣೆಗೆ ಹೋದ ಕೂಡಲೆ ಚೀಲಗಳು ಜಪ್ತಾಗುವವೆಂದು ನಿರೀಕ್ಷಿಸಬಾರದು.

ನೋಂದಣಿಯ ಆಯುಷ್ಯ ಹತ್ತು ವರ್ಷ. ಇದನ್ನು ಪ್ರಮಾಣಪತ್ರ ಬಂದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ ಎಣಿಸುತ್ತಾರೆ. ನವೀಕರಣಕ್ಕೆ ಗಣಕಯಂತ್ರದ ಮೂಲಕ ಒಂದು ವರ್ಗಕ್ಕೆ 9,000 ರೂಪಾಯಿ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಕಟ್ಟಬಹುದು. ಮುಗಿದ ಮೇಲೆ ಆರು ತಿಂಗಳವರೆಗೆ ಹೆಚ್ಚಿನ ಹಣ ಕೊಟ್ಟು ಉಳಿಸಿಕೊಳ್ಳಬಹುದು. ಭೌಗೋಲಿಕ ಗುರುತಿಗೂ ಹತ್ತೇ ವರ್ಷ, ಅದನ್ನು ನವೀಕರಿಸುವದು ಅರ್ಜಿ ಹಾಕಿದ ಸಂಘದ ಕೆಲಸ. ಅಧಿಕೃತ ಬಳಕೆದಾರನ ಹೆಸರಿಗೂ ಹತ್ತು ವರ್ಷ, ಇಲ್ಲವೆ ಮೂಲದ ನೋಂದಣಿ ಮುಗಿಯುವವರೆಗೆ, ಯಾವದು ಮೊದಲೋ ಅದು. ಆದಕಾರಣ ಹೆಸರು ಬರೆಸಿದ ರೈತರು ಮೂಲದ ನೋಂದಣಿ ಎಂದಿಗೆ ಮುಗಿಯುವದೆಂದು ಸಂಘದ ಕಾರ್ಯದರ್ಶಿಯನ್ನು ಕೇಳಿ, ಆ ತಾರೀಖನ್ನು ತಮ್ಮ ಸಾತಬಾರಾ ಉತಾರೆಗಳ ಜೊತೆಗೆ ಬರೆದಿಟ್ಟುಕೊಳ್ಳಬೇಕು.